ಯೂನಿವರ್ಸಲ್ ಆಪ್ ಎಲ್ಲದಕ್ಕೂ ನಡೆಯುತ್ತದೆಯೇ? ಕಂಪ್ಯೂಟರಿನ ಚಿಪ್ಪು, ಅದರ ಭಾಷೆ ಮತ್ತು ನಮ್ಮ ಆಯ್ಕೆ

ಹೊಸ ಕಂಪ್ಯೂಟರ್ ಬಂದಿದೆ. ಅದಕ್ಕೊಂದು ವಿಡಿಯೋ ಪ್ಲೇಯರ್ ಹಾಕಿಕೊಳ್ಳೋಣವೆಂದು ಅಂತರಜಾಲದಲ್ಲಿ ಹುಡುಕುತ್ತೀರಿ. ಡೌನ್‌ಲೋಡ್ ಪುಟದಲ್ಲಿ ಒಂದಲ್ಲ, ಮೂರು ಬಟನ್ ಕಾಣುತ್ತವೆ: ‘ಇಂಟೆಲ್’, ‘ಆಪಲ್ ಸಿಲಿಕಾನ್’, ‘ಯೂನಿವರ್ಸಲ್’. ವಿಂಡೋಸ್ ಕಂಪ್ಯೂಟರ್ ಆದರೆ ‘ಎಕ್ಸ್86’, ‘ಎಕ್ಸ್64’, ‘ಆರ್ಮ್64’ ಎಂಬ ಇನ್ನಷ್ಟು ಗೊಂದಲದ ಹೆಸರುಗಳು. ಯಾವುದನ್ನು ಒತ್ತಬೇಕು?

ರಾಯಚೂರಿನ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಬಹುಶಃ ಹೀಗಿರುತ್ತದೆ: “ಯೂನಿವರ್ಸಲ್ ಅಂತ ಅದ ಅಲ್ರಿ, ಅದನ್ನೇ ಹಾಕ್ರಿ. ಎಲ್ಲಾದಕ್ಕೂ ನಡೀತದ.” ಇದಕ್ಕೆ ಎದುರಾಗಿ, “ಯೂನಿವರ್ಸಲ್ ಹಾಕಿದರೆ ಕಂಪ್ಯೂಟರ್ ನಿಧಾನವಾಗುತ್ತದೆ” ಎನ್ನುವವರೂ ಇದ್ದಾರೆ.

ಎರಡೂ ಮಾತುಗಳು ಅರ್ಧ ಸತ್ಯ. ವಿಡಿಯೋ ಪ್ಲೇಯರ್ ವಿಷಯದಲ್ಲಿ ತಪ್ಪು ಆಯ್ಕೆ ಮಾಡಿದರೆ ಹೆಚ್ಚೆಂದರೆ ಸ್ವಲ್ಪ ಡೇಟಾ ಖರ್ಚಾಗುತ್ತದೆ, ಅಷ್ಟೆ. ಆದರೆ ದೇವದುರ್ಗದಲ್ಲಿ ಬೆರಳಚ್ಚು ಸಾಧನ ಇಟ್ಟುಕೊಂಡು ಜನರಿಗೆ ಸೇವೆ ಕೊಡುವವರು, ಮಾನ್ವಿಯಲ್ಲಿ ಕನ್ನಡ ಟೈಪಿಂಗ್ ಮಾಡಿ ಬದುಕುವವರು ಇದೇ ವಿಷಯವನ್ನು ತಿಳಿಯದೆ ಹೊಸ ಲ್ಯಾಪ್‌ಟಾಪ್ ಕೊಂಡರೆ ಅರ್ಧ ಲಕ್ಷ ರೂಪಾಯಿಯ ಯಂತ್ರ ಮೂಲೆ ಸೇರಬಹುದು. ಹಾಗಾಗಿ ವಿಷಯವನ್ನು ಬುಡದಿಂದ ನೋಡೋಣ.

ಚಿಪ್ಪಿಗೂ ಒಂದು ಮಾತೃಭಾಷೆ

ಕಂಪ್ಯೂಟರಿನ ಮಿದುಳು ಎಂದು ಕರೆಸಿಕೊಳ್ಳುವ ಪ್ರಾಸೆಸರ್‌ಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಗೊತ್ತಿಲ್ಲ. ‘ಈ ಎರಡು ಸಂಖ್ಯೆಗಳನ್ನು ಕೂಡು’, ‘ಇದನ್ನು ಅಲ್ಲಿಂದ ಇಲ್ಲಿಗೆ ಸಾಗಿಸು’ ಎಂಬಂಥ ಪುಟ್ಟ ಪುಟ್ಟ ಆಜ್ಞೆಗಳು ಮಾತ್ರ ಅದಕ್ಕೆ ಅರ್ಥವಾಗುತ್ತವೆ. ಈ ಆಜ್ಞೆಗಳ ಪಟ್ಟಿಯೇ ಆ ಚಿಪ್ಪಿನ ಭಾಷೆ.

ಎಲ್ಲ ಚಿಪ್ಪುಗಳ ಭಾಷೆ ಒಂದೇ ಅಲ್ಲ. ಇಂದಿನ ಕಂಪ್ಯೂಟರುಗಳಲ್ಲಿ ಮುಖ್ಯವಾಗಿ ಎರಡು ಕುಟುಂಬಗಳಿವೆ. ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಪ್ರಾಸೆಸರುಗಳು ‘ಎಕ್ಸ್86’ ಕುಟುಂಬಕ್ಕೆ ಸೇರಿದವು. ಅದರ ಹಳೆಯ 32 ಬಿಟ್ ರೂಪವನ್ನು ‘ಎಕ್ಸ್86’ ಎಂದೂ ಈಗಿನ 64 ಬಿಟ್ ರೂಪವನ್ನು ‘ಎಕ್ಸ್64’ ಎಂದೂ ಡೌನ್‌ಲೋಡ್ ಪುಟಗಳು ಕರೆಯುತ್ತವೆ. ಇನ್ನೊಂದು ‘ಆರ್ಮ್’ ಕುಟುಂಬ. ನಮ್ಮ ಕೈಯಲ್ಲಿರುವ ಬಹುತೇಕ ಎಲ್ಲ ಮೊಬೈಲುಗಳ ಚಿಪ್ಪು ಇದೇ ಕುಟುಂಬದ್ದು. 2020ರಿಂದ ಬರುತ್ತಿರುವ ಆಪಲ್‌ನ ಎಂ1, ಎಂ2 ಮುಂತಾದ ಚಿಪ್ಪುಗಳೂ, 2024ರಿಂದ ಕೆಲವು ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಕಾಣಿಸಿಕೊಂಡಿರುವ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪುಗಳೂ ಇದೇ ಬಳಗದವು.

ರಾಯಚೂರಿನ ಸಂತೆಯನ್ನು ನೆನಪಿಸಿಕೊಳ್ಳಿ. ಒಬ್ಬರು ಕನ್ನಡದಲ್ಲಿ ಬೆಲೆ ಕೇಳುತ್ತಾರೆ, ಇನ್ನೊಬ್ಬರು ತೆಲುಗಿನಲ್ಲಿ, ಮತ್ತೊಬ್ಬರು ಉರ್ದುವಿನಲ್ಲಿ. ನಾವು ಮನುಷ್ಯರು ಮೂರನ್ನೂ ಹೇಗೋ ನಿಭಾಯಿಸುತ್ತೇವೆ. ಚಿಪ್ಪಿಗೆ ಆ ಜಾಣತನವಿಲ್ಲ. ತನ್ನದಲ್ಲದ ಭಾಷೆಯ ಒಂದು ಆಜ್ಞೆಯೂ ಅದಕ್ಕೆ ತಿಳಿಯುವುದಿಲ್ಲ.

ಹಾಗಾಗಿ ತಂತ್ರಾಂಶ ತಯಾರಿಸುವವರ ಮುಂದೆ ಮೂರು ದಾರಿಗಳಿವೆ. ಆಯಾ ಚಿಪ್ಪಿನ ಭಾಷೆಯಲ್ಲೇ ಬೇರೆ ಬೇರೆ ಪ್ರತಿ ತಯಾರಿಸುವುದು ಮೊದಲನೆಯದು, ಇದು ‘ನೇಟಿವ್’ ಆಪ್. ಎರಡೂ ಭಾಷೆಯ ಪ್ರತಿಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವುದು ಎರಡನೆಯದು, ಇದೇ ‘ಯೂನಿವರ್ಸಲ್’ ಆಪ್. ಒಂದೇ ಭಾಷೆಯಲ್ಲಿ ತಯಾರಿಸಿ, ಬೇರೆ ಚಿಪ್ಪಿನಲ್ಲಿ ನಡೆಸಲು ನಡುವೆ ಅನುವಾದಕನನ್ನು ನೆಚ್ಚಿಕೊಳ್ಳುವುದು ಮೂರನೆಯದು.

ಮಸ್ಕಿಯ ಬಂಡೆ, ಕಂದಹಾರದ ಬಂಡೆ

ಈ ಮೂರೂ ದಾರಿಗಳು ಕಂಪ್ಯೂಟರಿಗಿಂತ ಬಹಳ ಹಳೆಯವು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು 1915ರಲ್ಲಿ ಪತ್ತೆಹಚ್ಚಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನೊಂದಿಗೆ ‘ಅಶೋಕ’ ಎಂಬ ಹೆಸರೂ ಅದರಲ್ಲಿ ಇರುವುದರಿಂದ ಅದು ಪ್ರಸಿದ್ಧವಾಯಿತು. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇಲ್ಲಿನ ಜನರಿಗೆ ಅದರ ಅರ್ಥ ತಿಳಿಯಬೇಕಾದರೆ ಬಲ್ಲವರೊಬ್ಬರು ಓದಿ ಹೇಳಬೇಕಿತ್ತು, ಅಂದರೆ ಅನುವಾದಕ ಬೇಕಿತ್ತು.

ವಾಯವ್ಯದ ಶಹಬಾಜ್‌ಗಢಿಯಲ್ಲಿ ಅಶೋಕನ ಶಾಸನ ಅಲ್ಲಿನ ಖರೋಷ್ಠಿ ಲಿಪಿಯಲ್ಲಿದೆ. ಇದು ಆ ಊರಿಗೆಂದೇ ತಯಾರಾದ ‘ನೇಟಿವ್’ ಪ್ರತಿ. ಇಂದಿನ ಅಫ್ಗಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಸಿಕ್ಕ ಶಾಸನದಲ್ಲಿ ಒಂದೇ ಬಂಡೆಯ ಮೇಲೆ ಗ್ರೀಕ್ ಮತ್ತು ಅರಾಮಿಕ್ ಎರಡೂ ಇವೆ. ಗ್ರೀಕ್ ಬಲ್ಲವರು ಮೇಲಿನದನ್ನು ಓದಿದರು, ಅರಾಮಿಕ್ ಬಲ್ಲವರು ಕೆಳಗಿನದನ್ನು. ಯೂನಿವರ್ಸಲ್ ಆಪ್ ಎಂದರೆ ಇದೇ.

ಬಂಡೆಯ ಮೇಲೆ ಎರಡು ಭಾಷೆ ಇದೆಯೆಂದು ಗ್ರೀಕ್ ಓದುವವರು ನಿಧಾನವಾಗಿ ಓದಬೇಕಾಗಲಿಲ್ಲ. ಬಂಡೆಯ ಮೇಲೆ ಜಾಗ ಮಾತ್ರ ಹೆಚ್ಚು ಬೇಕಾಯಿತು. ಈ ಅಂಶವನ್ನು ನೆನಪಿಟ್ಟುಕೊಂಡರೆ ಮುಂದಿನ ಹಲವು ತಪ್ಪು ಕಲ್ಪನೆಗಳು ತಾವಾಗಿಯೇ ಕಳಚುತ್ತವೆ.

ತಪ್ಪು ಕಲ್ಪನೆ 1: ಯೂನಿವರ್ಸಲ್ ಆಪ್ ನಿಧಾನ

ಯೂನಿವರ್ಸಲ್ ಆಪ್ ಅನ್ನು ತೆರೆದಾಗ ಮ್ಯಾಕ್ ಅದರೊಳಗಿನ ಎರಡು ಪ್ರತಿಗಳಲ್ಲಿ ತನ್ನ ಚಿಪ್ಪಿಗೆ ಹೊಂದುವ ಒಂದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಇನ್ನೊಂದು ಡಿಸ್ಕಿನಲ್ಲಿ ಸುಮ್ಮನೆ ಮಲಗಿರುತ್ತದೆ. ಅದು ರ‍್ಯಾಮ್ ತಿನ್ನುವುದಿಲ್ಲ, ಬ್ಯಾಟರಿ ಕುಡಿಯುವುದಿಲ್ಲ. ಒಂದೇ ಆವೃತ್ತಿಯ ನೇಟಿವ್ ಆಪ್ ಮತ್ತು ಯೂನಿವರ್ಸಲ್ ಆಪ್ ನಡುವೆ ವೇಗದ ವ್ಯತ್ಯಾಸ ನಿಮ್ಮ ಗಮನಕ್ಕೆ ಬರುವುದೇ ಇಲ್ಲ, ಏಕೆಂದರೆ ಓಡುತ್ತಿರುವುದು ಅದೇ ಕೋಡ್.

ವ್ಯತ್ಯಾಸವಿರುವುದು ಗಾತ್ರದಲ್ಲಿ. ಅದೂ ನೇರವಾಗಿ ಎರಡು ಪಟ್ಟಲ್ಲ. ಒಂದು ಆಪ್‌ನಲ್ಲಿ 60 ಎಂಬಿಯಷ್ಟು ಚಿಪ್ಪಿನ ಕೋಡ್, 40 ಎಂಬಿಯಷ್ಟು ಚಿತ್ರ, ಫಾಂಟು, ಧ್ವನಿ ಇದೆ ಎಂದುಕೊಳ್ಳಿ. ಚಿತ್ರ, ಫಾಂಟುಗಳಿಗೆ ಚಿಪ್ಪಿನ ಭಾಷೆಯ ಹಂಗಿಲ್ಲ, ಅವು ಎರಡು ಪ್ರತಿಗಳಿಗೂ ಒಂದೇ. ನೇಟಿವ್ ಆಪ್ 100 ಎಂಬಿ ಆದರೆ ಯೂನಿವರ್ಸಲ್ ಸುಮಾರು 160 ಎಂಬಿ ಆಗುತ್ತದೆ. ಮನೆಗೆ ಫೈಬರ್ ಸಂಪರ್ಕ ಇದ್ದವರಿಗೆ ಇದು ಲೆಕ್ಕಕ್ಕಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನದ ಡೇಟಾ ಮಿತಿಯೊಳಗೆ ಇಳಿಸಿಕೊಳ್ಳುವ ವಿದ್ಯಾರ್ಥಿಗೆ, ಅಪ್‌ಡೇಟ್ ಬಂದಾಗಲೆಲ್ಲ ಇದು ಲೆಕ್ಕಕ್ಕೆ ಬರುತ್ತದೆ.

ತಪ್ಪು ಕಲ್ಪನೆ 2: ಬೇಡದ ಅರ್ಧವನ್ನು ಕತ್ತರಿಸಿ ಹಾಕಿದರೆ ಜಾಗ ಉಳಿಯುತ್ತದೆ

ಯೂನಿವರ್ಸಲ್ ಆಪ್‌ಗಳಿಂದ ಬೇಡದ ಭಾಗವನ್ನು ತೆಗೆದು ‘ಸ್ವಚ್ಛ’ ಮಾಡುವ ತಂತ್ರಾಂಶಗಳು ಸಿಗುತ್ತವೆ. ಜಾಗ ಸ್ವಲ್ಪ ಉಳಿಯುವುದು ನಿಜ. ಆದರೆ ತಯಾರಕರು ಆಪ್‌ಗೆ ಒಂದು ಡಿಜಿಟಲ್ ಸಹಿ ಹಾಕಿರುತ್ತಾರೆ. ಒಳಗಿನ ಫೈಲನ್ನು ಬದಲಿಸಿದರೆ ಆ ಸಹಿ ಹೊಂದದೆ ಹೋಗಬಹುದು. ಮೊಹರು ಒಡೆದ ಲಕೋಟೆಯನ್ನು ನಂಬದ ಅಧಿಕಾರಿಯಂತೆ ಮ್ಯಾಕ್ ಅದನ್ನು ತೆರೆಯಲು ನಿರಾಕರಿಸಬಹುದು, ಅಪ್‌ಡೇಟ್ ವಿಫಲವಾಗಬಹುದು. ಜಾಗ ಕಡಿಮೆ ಇದ್ದರೆ ಕತ್ತರಿಸುವ ಗೋಜಿಗೆ ಹೋಗದೆ ನೇಟಿವ್ ಪ್ರತಿಯನ್ನೇ ಮತ್ತೆ ಇಳಿಸಿಕೊಳ್ಳುವುದು ಕ್ಷೇಮ.

ತಪ್ಪು ಕಲ್ಪನೆ 3: ಆಪ್ ತೆರೆಯಿತು ಎಂದರೆ ಅದು ಸರಿಯಾದ ಪ್ರತಿಯೇ

ಇಲ್ಲೇ ಹೆಚ್ಚಿನವರು ಎಡವುವುದು. ಎಂ1 ಅಥವಾ ನಂತರದ ಚಿಪ್ಪಿನ ಮ್ಯಾಕ್‌ನಲ್ಲಿ ಇಂಟೆಲ್ ಪ್ರತಿಯನ್ನು ಹಾಕಿದರೂ ಅದು ಓಡುತ್ತದೆ. ಕಾರಣ ‘ರೊಸೆಟಾ 2’ ಎಂಬ ಅನುವಾದಕ. ಮೂರು ಲಿಪಿಗಳಲ್ಲಿ ಒಂದೇ ಒಕ್ಕಣೆಯನ್ನು ಹೊತ್ತು ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ನೆರವಾದ ರೊಸೆಟಾ ಶಿಲೆಯ ಹೆಸರನ್ನೇ ಆಪಲ್ ಇದಕ್ಕೆ ಇಟ್ಟಿದೆ.

ಈ ಅನುವಾದಕ ಆಪ್ ಅನ್ನು ಮೊದಲ ಸಲ ತೆರೆದಾಗ ಹೆಚ್ಚಿನ ಭಾಗವನ್ನು ಅನುವಾದಿಸಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲ ಸಲ ತಡ, ಆಮೇಲೆ ಪರವಾಗಿಲ್ಲ. ಆದರೂ ಅನುವಾದಿತ ಕೋಡ್ ಸ್ವಂತ ಭಾಷೆಯ ಕೋಡಿನಷ್ಟು ಚುರುಕಾಗಿರುವುದಿಲ್ಲ. ಅದೇ ಕೆಲಸಕ್ಕೆ ಹೆಚ್ಚು ವಿದ್ಯುತ್ ಬೇಕು, ಬಿಸಿಯೂ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಕರೆಂಟ್ ಹೋದಾಗ ಬ್ಯಾಟರಿಯ ಮೇಲೆಯೇ ಕೆಲಸ ಮುಗಿಸಬೇಕಾದವರಿಗೆ ಇದು ಸಣ್ಣ ಮಾತಲ್ಲ. ತಿಂಗಳುಗಟ್ಟಲೆ ತಪ್ಪು ಪ್ರತಿಯನ್ನು ಬಳಸಿ “ಈ ಲ್ಯಾಪ್‌ಟಾಪೇ ಸರಿಯಿಲ್ಲ” ಎಂದು ದೂರುವವರೂ ಇದ್ದಾರೆ.

ಪರೀಕ್ಷಿಸುವುದು ಸುಲಭ. ಮ್ಯಾಕ್‌ನಲ್ಲಿ ಆಪ್‌ನ ಐಕಾನ್ ಮೇಲೆ ‘ಗೆಟ್ ಇನ್ಫೋ’ ಆರಿಸಿದರೆ ‘ಕೈಂಡ್’ ಎಂಬ ಸಾಲಿನಲ್ಲಿ ಯೂನಿವರ್ಸಲ್, ಆಪಲ್ ಸಿಲಿಕಾನ್ ಅಥವಾ ಇಂಟೆಲ್ ಎಂದು ಬರೆದಿರುತ್ತದೆ. ‘ಆಕ್ಟಿವಿಟಿ ಮಾನಿಟರ್’ನಲ್ಲಿ ಈಗ ಓಡುತ್ತಿರುವ ಆಪ್‌ಗಳ ಮುಂದೆಯೂ ಈ ಮಾಹಿತಿ ಸಿಗುತ್ತದೆ. ವಿಂಡೋಸ್ 11ರಲ್ಲಿ ‘ಟಾಸ್ಕ್ ಮ್ಯಾನೇಜರ್’ನ ‘ಡೀಟೇಲ್ಸ್’ ಭಾಗದಲ್ಲಿ ಅಂಕಣದ ತಲೆಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಆರ್ಕಿಟೆಕ್ಚರ್’ ಅಂಕಣವನ್ನು ಸೇರಿಸಿಕೊಳ್ಳಬಹುದು.

ತಪ್ಪು ಕಲ್ಪನೆ 4: ಅನುವಾದಕ ಇದ್ದಮೇಲೆ ಚಿಂತೆ ಇಲ್ಲ

ಅನುವಾದಕ ಎಂದರೆ ತಾತ್ಕಾಲಿಕ ಸೇತುವೆ. ಕಂಪನಿಗಳು ಅದನ್ನು ಕಟ್ಟುವುದು ಜನರನ್ನು ಆಚೆ ದಡಕ್ಕೆ ದಾಟಿಸಲು. ದಾಟಿದ ಮೇಲೆ ಸೇತುವೆಯನ್ನು ಬಿಚ್ಚುತ್ತವೆ. ಆಪಲ್‌ನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1994ರಲ್ಲಿ ಮ್ಯಾಕ್ ಕಂಪ್ಯೂಟರುಗಳು ಮೊಟೊರೊಲಾದ 68000 ಸರಣಿಯ ಚಿಪ್ಪುಗಳಿಂದ ಪವರ್‌ಪಿಸಿ ಚಿಪ್ಪುಗಳಿಗೆ ಬದಲಾದವು. ಆಗಲೂ ಎರಡು ಭಾಷೆಗಳ ಜೋಡಿ ಆಪ್‌ಗಳಿದ್ದವು, ಅವನ್ನು ‘ಫ್ಯಾಟ್ ಬೈನರಿ’ ಎಂದರೆ ದಪ್ಪನೆಯ ಫೈಲ್ ಎಂದು ಕರೆಯುತ್ತಿದ್ದರು. 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ ಬದಲಾವಣೆ, ಜೊತೆಗೆ ಮೊದಲ ರೊಸೆಟಾ. 2011ರ ‘ಲಯನ್’ ಆವೃತ್ತಿಯಲ್ಲಿ ಆ ರೊಸೆಟಾವನ್ನು ತೆಗೆದುಹಾಕಲಾಯಿತು. ಹಿಂದಿನ ದಿನದವರೆಗೆ ಓಡುತ್ತಿದ್ದ ಪವರ್‌ಪಿಸಿ ಆಪ್‌ಗಳು ಅಪ್‌ಡೇಟ್ ಮಾಡಿದ ಮರುದಿನ ತೆರೆಯಲೇ ಇಲ್ಲ. 2019ರ ‘ಕ್ಯಾಟಲಿನಾ’ ಆವೃತ್ತಿ 32 ಬಿಟ್ ಆಪ್‌ಗಳನ್ನು ಪೂರ್ತಿಯಾಗಿ ಕೈಬಿಟ್ಟಿತು.

ಈಗ ಮೂರನೆಯ ಸರದಿ. 2025ರ ಜೂನ್‌ನಲ್ಲಿ ಆಪಲ್ ಹೇಳಿದ ಪ್ರಕಾರ ‘ಮ್ಯಾಕ್ ಓಎಸ್ 26’ ಇಂಟೆಲ್ ಮ್ಯಾಕ್‌ಗಳಿಗೆ ಸಿಗುವ ಕೊನೆಯ ದೊಡ್ಡ ಆವೃತ್ತಿ. ರೊಸೆಟಾ 2 ಎಲ್ಲ ಆಪ್‌ಗಳಿಗೂ ಸಿಗುವುದು ‘ಮ್ಯಾಕ್ ಓಎಸ್ 27’ರವರೆಗೆ. ಆಮೇಲೆ ಅದು ಕೆಲವು ಹಳೆಯ ಆಟಗಳಿಗೆ ಸೀಮಿತವಾಗುತ್ತದೆ.

ಇದರಿಂದ ನಮಗೆ ಎರಡು ಪಾಠಗಳಿವೆ. ಹೊಸ ಮ್ಯಾಕ್ ಇರುವವರು ತಮ್ಮಲ್ಲಿ ‘ಇಂಟೆಲ್’ ಎಂದು ತೋರಿಸುವ ಆಪ್‌ಗಳು ಯಾವುವೆಂದು ಈಗಲೇ ಪಟ್ಟಿ ಮಾಡಿ, ಅವುಗಳ ಯೂನಿವರ್ಸಲ್ ಅಥವಾ ಆಪಲ್ ಸಿಲಿಕಾನ್ ಪ್ರತಿ ಇದೆಯೇ ನೋಡಬೇಕು. ಎರಡನೆಯದಾಗಿ, ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಕಡಿಮೆ ಬೆಲೆಗೆ ಸಿಗುತ್ತದೆಂದು ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ಕೊಳ್ಳುವವರು ಅದರ ಮುಂದಿನ ಆಯುಷ್ಯ ಎಷ್ಟೆಂದು ಲೆಕ್ಕ ಹಾಕಿಯೇ ಬೆಲೆ ಮಾತಾಡಬೇಕು. ಇಂದಿನ ಯೂನಿವರ್ಸಲ್ ಆಪ್‌ಗಳು ನಾಳೆ ಇಂಟೆಲ್ ಭಾಗವನ್ನು ಒಂದೊಂದಾಗಿ ಕಳಚಿಕೊಳ್ಳುತ್ತಾ ಹೋಗುತ್ತವೆ.

ತಪ್ಪು ಕಲ್ಪನೆ 5: ಹಾಗಾದರೆ ನೇಟಿವ್ ಪ್ರತಿಯೇ ಯಾವಾಗಲೂ ಮೇಲು

ಸಾಮಾನ್ಯವಾಗಿ ಹೌದು, ಆದರೆ ಒಂದು ವಿನಾಯಿತಿ ಇದೆ. ಕೆಲವು ಆಪ್‌ಗಳೊಳಗೆ ಬೇರೆಯವರು ಮಾಡಿದ ‘ಪ್ಲಗಿನ್’ ಎಂಬ ಪುಟ್ಟ ಜೋಡಣೆಗಳು ಕೂತಿರುತ್ತವೆ. ಸಂಗೀತ ಮುದ್ರಣ, ಫೋಟೋ ತಿದ್ದುವ ತಂತ್ರಾಂಶಗಳಲ್ಲಿ ಇವು ಸಾಮಾನ್ಯ. ಆಪ್ ಒಂದು ಭಾಷೆಯಲ್ಲಿ, ಅದರೊಳಗಿನ ಪ್ಲಗಿನ್ ಇನ್ನೊಂದು ಭಾಷೆಯಲ್ಲಿ ಇದ್ದರೆ ಸಾಮಾನ್ಯವಾಗಿ ಎರಡೂ ಕೂಡಿ ಓಡುವುದಿಲ್ಲ. ನಿಮ್ಮ ಮುಖ್ಯ ಪ್ಲಗಿನ್ ಇನ್ನೂ ಇಂಟೆಲ್ ಭಾಷೆಯಲ್ಲೇ ಇದ್ದರೆ ಇಡೀ ಆಪ್ ಅನ್ನೇ ರೊಸೆಟಾ ಮೂಲಕ ತೆರೆಯಬೇಕಾಗುತ್ತದೆ. ‘ಗೆಟ್ ಇನ್ಫೋ’ದಲ್ಲಿರುವ ‘ಓಪನ್ ಯೂಸಿಂಗ್ ರೊಸೆಟಾ’ ಎಂಬ ಆಯ್ಕೆ ಇದಕ್ಕಾಗಿಯೇ. ಆದರೆ ಆ ಆಯ್ಕೆ ಸಿಗುವುದು ಆಪ್ ಯೂನಿವರ್ಸಲ್ ಆಗಿದ್ದು, ಅದರಲ್ಲಿ ಇಂಟೆಲ್ ಭಾಗವೂ ಇದ್ದರೆ ಮಾತ್ರ. ಅಂಥವರಿಗೆ ಯೂನಿವರ್ಸಲ್ ಪ್ರತಿಯೇ ಸರಿ.

ಒಂದೇ ಪೆನ್‌ಡ್ರೈವಿನಿಂದ ಹತ್ತಾರು ಕಂಪ್ಯೂಟರುಗಳಿಗೆ ತಂತ್ರಾಂಶ ಹಾಕುವ ಕಾಲೇಜಿನ ಪ್ರಯೋಗಾಲಯ ಸಿಬ್ಬಂದಿಗೂ ಇದೇ ಮಾತು ಅನ್ವಯಿಸುತ್ತದೆ. ರಾಯಚೂರಿನ ಐಐಐಟಿಯಲ್ಲೋ ಕೃಷಿ ವಿಶ್ವವಿದ್ಯಾಲಯದಲ್ಲೋ ಓದುವ ಹುಡುಗರ ಹಾಸ್ಟೆಲಿನಲ್ಲಿ ಒಬ್ಬರದು ಇಂಟೆಲ್ ಮ್ಯಾಕ್, ಇನ್ನೊಬ್ಬರದು ಎಂ2 ಇದ್ದರೆ, ಒಬ್ಬರು ಯೂನಿವರ್ಸಲ್ ಪ್ರತಿ ಇಳಿಸಿಕೊಂಡು ಇಬ್ಬರೂ ಹಂಚಿಕೊಳ್ಳುವುದು ಡೇಟಾ ಉಳಿಸುವ ದಾರಿ. ವಿಎಲ್‌ಸಿ ಪ್ಲೇಯರ್, ವಿಷುಯಲ್ ಸ್ಟುಡಿಯೋ ಕೋಡ್ ಮುಂತಾದವು ಮ್ಯಾಕ್‌ಗೆ ಮೂರೂ ಬಗೆಯ ಪ್ರತಿಗಳನ್ನು ಕೊಡುತ್ತವೆ.

ವಿಂಡೋಸ್ ಬಳಸುವವರ ಲೆಕ್ಕ ಬೇರೆ

ನಮ್ಮ ಕಡೆ ಮ್ಯಾಕ್ ಬಳಸುವವರು ಕಡಿಮೆ, ವಿಂಡೋಸ್ ಬಳಸುವವರೇ ಹೆಚ್ಚು. ವಿಂಡೋಸ್‌ನಲ್ಲಿ ಎರಡೂ ಭಾಷೆಯ ಪ್ರತಿಗಳನ್ನು ಒಂದೇ ಆಪ್‌ನಲ್ಲಿ ಕಟ್ಟುವ ರೂಢಿ ಅಷ್ಟಾಗಿ ಇಲ್ಲ. ಮೈಕ್ರೋಸಾಫ್ಟ್ ಸ್ಟೋರ್ ಮೂಲಕ ಹಾಕಿದರೆ ಅದೇ ನಿಮ್ಮ ಯಂತ್ರವನ್ನು ನೋಡಿ ಸರಿಯಾದ ಪ್ರತಿಯನ್ನು ಆರಿಸುತ್ತದೆ. ತಾಣಗಳಿಂದ ನೇರವಾಗಿ ಇಳಿಸುವಾಗ ಆಯ್ಕೆ ನಿಮ್ಮದು. ಉದಾಹರಣೆಗೆ 7-ಜಿಪ್ ಎಂಬ ಜನಪ್ರಿಯ ತಂತ್ರಾಂಶ ಎಕ್ಸ್64, ಎಕ್ಸ್86 ಮತ್ತು ಆರ್ಮ್64 ಎಂದು ಬೇರೆ ಬೇರೆ ಫೈಲುಗಳನ್ನು ಕೊಡುತ್ತದೆ.

“32 ಬಿಟ್ ಪ್ರತಿ ಎಲ್ಲ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಅದನ್ನೇ ಹಾಕಿ” ಎಂಬುದು ಇಲ್ಲಿನ ಹಳೆಯ ಸಲಹೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಆಪ್‌ಗಳು ಓಡುವುದು ನಿಜ. ಆದರೆ 32 ಬಿಟ್ ಆಪ್ ಒಂದು ಸಲಕ್ಕೆ ಗುರುತಿಸಬಲ್ಲ ನೆನಪಿನ ಮನೆಗಳು 4,29,49,67,296 ಮಾತ್ರ, ಅಂದರೆ 4 ಜಿಬಿ. ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಆ ಆಪ್ ಒಂದಕ್ಕೆ ಈ ಮಿತಿ ತಪ್ಪದು. ದೊಡ್ಡ ಎಕ್ಸೆಲ್ ಹಾಳೆ, ದೊಡ್ಡ ಬ್ಯಾನರಿನ ವಿನ್ಯಾಸ ತೆರೆದಾಗ ‘ಮೆಮೊರಿ ಸಾಲದು’ ಎಂಬ ಸಂದೇಶ ಬರಲು ಇದೂ ಒಂದು ಕಾರಣ. 32 ಬಿಟ್ ವಿಂಡೋಸ್ ಇರುವ ಹಳೆಯ ಯಂತ್ರದಲ್ಲಿ ಮಾತ್ರ 32 ಬಿಟ್ ಪ್ರತಿ ಅನಿವಾರ್ಯ. ವಿಂಡೋಸ್ 11 ಬರುವುದೇ 64 ಬಿಟ್ ರೂಪದಲ್ಲಿ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ದೇವದುರ್ಗದ ಅಂಗಡಿಗೆ ಹೊಸ ಲ್ಯಾಪ್‌ಟಾಪ್

ಈಗ ನಿಜವಾಗಿ ಹಣ ಕಳೆದುಕೊಳ್ಳಬಹುದಾದ ಜಾಗಕ್ಕೆ ಬರೋಣ. ದೇವದುರ್ಗದಲ್ಲಿ ಒಬ್ಬರು ಸೇವಾ ಕೇಂದ್ರ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಆಧಾರ್ ಆಧಾರಿತ ಹಣ ಪಾವತಿ, ಪಹಣಿ ಪ್ರತಿ, ಅರ್ಜಿಗಳು ಅವರ ಕೆಲಸ. ಕರೆಂಟ್ ಹೋದರೂ ದಿನವಿಡೀ ಬ್ಯಾಟರಿ ಬರುತ್ತದೆ ಎಂಬ ಜಾಹೀರಾತು ನೋಡಿ ಆರ್ಮ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದಾರೆ. ಬ್ಯಾಟರಿಯ ಮಾತು ಸುಳ್ಳಲ್ಲ. ವಿಂಡೋಸ್ 11ರಲ್ಲೂ ಅನುವಾದಕ ಇದೆ, 2024ರಿಂದ ಅದರ ಹೊಸ ರೂಪಕ್ಕೆ ‘ಪ್ರಿಸಮ್’ ಎಂದು ಹೆಸರು. ಇಂಟೆಲ್‌ಗಾಗಿ ಬರೆದ 32 ಮತ್ತು 64 ಬಿಟ್ ಆಪ್‌ಗಳಲ್ಲಿ ಹೆಚ್ಚಿನವು ಅದರಲ್ಲಿ ಓಡುತ್ತವೆ.

ಆದರೆ ಅನುವಾದಕ ಡ್ರೈವರುಗಳನ್ನು ಅನುವಾದಿಸುವುದಿಲ್ಲ. ಡ್ರೈವರ್ ಎಂದರೆ ಬೆರಳಚ್ಚು ಸಾಧನ, ಪ್ರಿಂಟರ್, ಸ್ಕ್ಯಾನರುಗಳಿಗೂ ವಿಂಡೋಸ್‌ಗೂ ನಡುವೆ ಮಾತಾಡುವ ತಂತ್ರಾಂಶ. ಅದು ಕಾರ್ಯಾಚರಣ ವ್ಯವಸ್ಥೆಯ ಗರ್ಭಗುಡಿಯೊಳಗೆ ಕೆಲಸ ಮಾಡುತ್ತದೆ, ಅಲ್ಲಿ ಅನುವಾದಕನಿಗೆ ಪ್ರವೇಶವಿಲ್ಲ. ಸಾಧನ ತಯಾರಿಸಿದ ಕಂಪನಿ ಆರ್ಮ್64 ಭಾಷೆಯಲ್ಲೇ ಡ್ರೈವರ್ ಬರೆದು ಕೊಡಬೇಕು, ಅಥವಾ ವಿಂಡೋಸ್‌ನಲ್ಲೇ ಇರುವ ಸಾಮಾನ್ಯ ಡ್ರೈವರ್‌ನಿಂದ ಆ ಸಾಧನ ನಡೆಯಬೇಕು. ಎರಡೂ ಇಲ್ಲದಿದ್ದರೆ ಬ್ರೌಸರ್ ತೆರೆಯುತ್ತದೆ, ತಾಣವೂ ಬರುತ್ತದೆ, ಅಜ್ಜಿ ಬೆರಳಿಟ್ಟಾಗ ಮಾತ್ರ ಸಾಧನ ಸಿಗಲಿಲ್ಲ ಎಂಬ ಸಂದೇಶ. ಅವರು ಪಿಂಚಣಿ ತೆಗೆಯಲು ಬಂದವರು. ಬರಿಗೈಯಲ್ಲಿ ಊರಿಗೆ ಮರಳಬೇಕು.

ಹಿಂದೆ 32 ಬಿಟ್ ವಿಂಡೋಸ್‌ನಿಂದ 64 ಬಿಟ್‌ಗೆ ಬದಲಾದಾಗಲೂ ಹೀಗೇ ಆಗಿತ್ತು. ಹಳೆಯ ಆಪ್‌ಗಳು ಓಡಿದವು, 32 ಬಿಟ್ ಡ್ರೈವರುಗಳು ಓಡಲಿಲ್ಲ. ಅನೇಕ ಗಟ್ಟಿಮುಟ್ಟಾದ ಪ್ರಿಂಟರು, ಸ್ಕ್ಯಾನರುಗಳು ಹೊಸ ಡ್ರೈವರ್ ಸಿಗದ ಒಂದೇ ಕಾರಣಕ್ಕೆ ಗುಜರಿ ಸೇರಿದವು.

ಇಲ್ಲಿ ‘ಯೂನಿವರ್ಸಲ್’ ಎಂಬ ಪದ ಇನ್ನೊಂದು ಮೋಸ ಮಾಡುತ್ತದೆ. ಪ್ರಿಂಟರ್ ಕಂಪನಿಗಳು ‘ಯೂನಿವರ್ಸಲ್ ಪ್ರಿಂಟ್ ಡ್ರೈವರ್’ ಕೊಡುತ್ತವೆ. ಅದು ಹಲವು ಮಾದರಿಯ ಪ್ರಿಂಟರುಗಳಿಗೆ ಒಂದೇ ಡ್ರೈವರ್ ಎಂಬ ಅರ್ಥದಲ್ಲಿ ಯೂನಿವರ್ಸಲ್, ಎಲ್ಲ ಚಿಪ್ಪುಗಳಿಗೂ ನಡೆಯುತ್ತದೆ ಎಂಬ ಅರ್ಥದಲ್ಲಲ್ಲ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎಕ್ಸ್64 ಎಂದಿದೆಯೋ ಆರ್ಮ್64 ಎಂದಿದೆಯೋ ನೋಡಲೇಬೇಕು. ಹಾಗೆಯೇ ‘ಕೋಪೈಲಟ್ ಪ್ಲಸ್’ ಎಂಬ ಲೇಬಲ್ ನೋಡಿ ಚಿಪ್ಪನ್ನು ಊಹಿಸಬೇಡಿ. ಆರ್ಮ್, ಇಂಟೆಲ್, ಎಎಂಡಿ ಮೂರೂ ಬಗೆಯ ಯಂತ್ರಗಳು ಆ ಲೇಬಲ್ ಹೊತ್ತು ಬರುತ್ತವೆ.

ಮಾನ್ವಿಯಲ್ಲಿ ಕನ್ನಡ ಟೈಪಿಂಗ್

ಮಾನ್ವಿಯಲ್ಲಿ ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ ಟೈಪ್ ಮಾಡಿಕೊಡುವವರ ಚಿಂತೆ ಬೇರೆ. ಅವರ ಬೆರಳು ವರ್ಷಗಳಿಂದ ಒಂದು ಕೀಲಿಮಣೆ ವಿನ್ಯಾಸಕ್ಕೆ ಒಗ್ಗಿರುತ್ತದೆ. ‘ನುಡಿ’ಯೋ ‘ಬರಹ’ವೋ, ಯಾವುದೋ ಒಂದು ಕನ್ನಡ ತಂತ್ರಾಂಶ ಇಲ್ಲದೆ ಅವರ ದಿನ ಶುರುವಾಗುವುದಿಲ್ಲ.

ಟೈಪಿಂಗ್ ಸಾಧನಗಳಲ್ಲಿ ಹಲವು ತಾವೊಂದೇ ಓಡುವ ಆಪ್‌ಗಳಲ್ಲ. ವರ್ಡ್, ಬ್ರೌಸರ್ ಮುಂತಾದ ಬೇರೆ ಆಪ್‌ಗಳ ಒಳಹೊಕ್ಕು ಕೆಲಸ ಮಾಡುತ್ತವೆ. ಪ್ಲಗಿನ್ ಬಗ್ಗೆ ಹೇಳಿದ ಮಾತು ಇಲ್ಲೂ ಅನ್ವಯಿಸುತ್ತದೆ. ಅದಕ್ಕೇ ಮೈಕ್ರೋಸಾಫ್ಟ್ ಕೂಡ ಇಂಥ ಭಾಷಾ ಸಾಧನಗಳನ್ನು ಆರ್ಮ್64ಗಾಗಿ ಮತ್ತೆ ತಯಾರಿಸಬೇಕೆಂದು ತಂತ್ರಾಂಶಕಾರರಿಗೆ ಹೇಳುತ್ತದೆ. ಇಂಟೆಲ್‌ಗಾಗಿ ಬರೆದ ಹಳೆಯ ಕನ್ನಡ ಸಾಧನ ಆರ್ಮ್ ಯಂತ್ರದಲ್ಲಿ ಒಂದು ಆಪ್‌ನಲ್ಲಿ ಕನ್ನಡ ಮೂಡಿಸಿ, ಇನ್ನೊಂದರಲ್ಲಿ ಮೌನವಾಗುವ ಸಾಧ್ಯತೆ ಇದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಹಾಕಿಸಿ, ನೀವು ದಿನವೂ ಬಳಸುವ ಆಪ್‌ಗಳಲ್ಲೇ ನಾಲ್ಕು ಸಾಲು ಟೈಪ್ ಮಾಡಿ ನೋಡುವುದು ಜಾಣತನ.

ಸಮಾಧಾನದ ಸಂಗತಿಯೂ ಇದೆ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಕನ್ನಡ ಕೀಲಿಮಣೆ ಒಳಗೇ ಇರುತ್ತದೆ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಇದೆ, 2019ರಿಂದ ಉಚ್ಚಾರಣೆ ಆಧಾರಿತ ಕೀಲಿಮಣೆಯೂ ಬಂದಿದೆ. ಕಾರ್ಯಾಚರಣ ವ್ಯವಸ್ಥೆಯ ಭಾಗವೇ ಆದ್ದರಿಂದ ಇವು ಸದಾ ಆ ಯಂತ್ರದ ಸ್ವಂತ ಭಾಷೆಯಲ್ಲೇ ಇರುತ್ತವೆ, ಚಿಪ್ಪು ಬದಲಾದರೂ ಕೈಕೊಡುವುದಿಲ್ಲ.

“ಚಿಪ್ಪು ಬದಲಾದರೆ ನನ್ನ ಹಳೆಯ ಕಡತಗಳು ತೆರೆಯುವುದಿಲ್ಲ” ಎಂಬ ಭಯಕ್ಕೂ ಆಧಾರವಿಲ್ಲ. ಚಿಪ್ಪಿನ ಭಾಷೆ ಬೇಕಾಗಿರುವುದು ಓಡುವ ತಂತ್ರಾಂಶಕ್ಕೆ ಮಾತ್ರ. ಫೋಟೋ, ಹಾಡು, ಪಿಡಿಎಫ್, ಫಾಂಟು, ಪತ್ರಗಳಿಗೆ ಆ ಹಂಗಿಲ್ಲ. ಹಳೆಯ ಕಡತದ ಕನ್ನಡ ಅಕ್ಷರಗಳು ಚೌಕ ಚೌಕವಾಗಿಯೋ ಇಂಗ್ಲಿಷ್ ಅಕ್ಷರಗಳಾಗಿಯೋ ಕಂಡರೆ ತಪ್ಪು ಚಿಪ್ಪಿನದಲ್ಲ, ಫಾಂಟಿನದು. ಯೂನಿಕೋಡ್‌ನಲ್ಲಿ ಬರೆದಿಟ್ಟರೆ ಆ ತೊಂದರೆಯೂ ತಪ್ಪುತ್ತದೆ. ಚಿಪ್ಪು ಯಾವುದಾದರೇನು, ಯೂನಿಕೋಡ್‌ನಲ್ಲಿ ‘ಕ’ ಎಂದರೆ ಕ.

ಮೊಬೈಲ್‌ನಲ್ಲಿ ಏಕೆ ಈ ತಲೆನೋವಿಲ್ಲ?

ಇದೆ, ಆದರೆ ಕಾಣುವುದಿಲ್ಲ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರಿಗೆ ಬರುವ ಹೊಸ ಆಪ್‌ಗಳನ್ನು ಎಲ್ಲ ಪ್ರತಿಗಳೂ ಸೇರಿದ ಒಂದು ಕಟ್ಟಿನ ರೂಪದಲ್ಲಿ ಗೂಗಲ್ ಪಡೆಯುತ್ತದೆ. ನಿಮ್ಮ ಫೋನಿಗೆ ಬೇಕಾದ ತುಂಡನ್ನು ಮಾತ್ರ ಕಳಿಸುತ್ತದೆ. ಎಲ್ಲಿಂದಲೋ ಎಪಿಕೆ ಫೈಲ್ ತಂದು ಹಾಕುವವರಿಗೆ ಮಾತ್ರ ಅಲ್ಲೂ ‘ಯೂನಿವರ್ಸಲ್’, ‘ಆರ್ಮ್64’ ಎಂಬ ಆಯ್ಕೆಗಳು ಎದುರಾಗುತ್ತವೆ. ಅಲ್ಲಿ ಚಿಪ್ಪಿಗಿಂತ ದೊಡ್ಡ ಪ್ರಶ್ನೆ, ಆ ಫೈಲನ್ನು ಕೊಟ್ಟವರು ಯಾರು ಎಂಬುದು.

ಕೊನೆಗೆ ಯಾವುದನ್ನು ಒತ್ತಬೇಕು?

ಮೊದಲು ನಿಮ್ಮ ಚಿಪ್ಪನ್ನು ತಿಳಿಯಿರಿ. ವಿಂಡೋಸ್‌ನಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಅಬೌಟ್’ಗೆ ಹೋದರೆ ‘ಸಿಸ್ಟಮ್ ಟೈಪ್’ ಎದುರು ಎಕ್ಸ್64 ಅಥವಾ ಆರ್ಮ್ ಎಂದಿರುತ್ತದೆ. ಮ್ಯಾಕ್‌ನಲ್ಲಿ ಆಪಲ್ ಚಿಹ್ನೆಯ ಕೆಳಗಿನ ‘ಅಬೌಟ್ ದಿಸ್ ಮ್ಯಾಕ್’ನಲ್ಲಿ ‘ಚಿಪ್’ ಎಂದು ಎಂ ಸರಣಿಯ ಹೆಸರಿದ್ದರೆ ಆಪಲ್ ಸಿಲಿಕಾನ್, ‘ಪ್ರಾಸೆಸರ್’ ಎಂದು ಇಂಟೆಲ್ ಹೆಸರಿದ್ದರೆ ಇಂಟೆಲ್.

ಇರುವುದು ಒಂದೇ ಕಂಪ್ಯೂಟರ್, ಡೇಟಾ ಮತ್ತು ಜಾಗ ಉಳಿಯಬೇಕು ಎಂದಾದರೆ ನಿಮ್ಮ ಚಿಪ್ಪಿನ ನೇಟಿವ್ ಪ್ರತಿ ಸಾಕು. ಹಲವು ಮ್ಯಾಕ್‌ಗಳಿಗೆ ಒಂದೇ ಫೈಲ್ ಬೇಕಿದ್ದರೆ, ಹಳೆಯ ಪ್ಲಗಿನ್ ಬಿಡಲಾಗದಿದ್ದರೆ, ಅಥವಾ ಚಿಪ್ಪು ಯಾವುದೆಂದು ತಿಳಿಯದಿದ್ದರೆ ಯೂನಿವರ್ಸಲ್ ಆರಿಸಿ. ಅದರಿಂದ ವೇಗ ಕಡಿಮೆಯಾಗದು. ಅನುವಾದಕನ ಮೂಲಕ ಓಡುವ ಪ್ರತಿ, ಬೇರೇನೂ ಸಿಗದಿದ್ದಾಗ ಮಾತ್ರ. ಹೊಸ ಯಂತ್ರ ಕೊಳ್ಳುವಾಗಲಂತೂ ಆಪ್‌ಗಳ ಬಗ್ಗೆ ಕೇಳುವ ಮೊದಲು ನಿಮ್ಮ ಬೆರಳಚ್ಚು ಸಾಧನ, ಪ್ರಿಂಟರ್, ಕನ್ನಡ ಕೀಲಿಮಣೆಗಳ ಬಗ್ಗೆ ಕೇಳಿ. ಸಾಧ್ಯವಾದರೆ ಅವನ್ನು ಚೀಲದಲ್ಲಿ ಹಾಕಿಕೊಂಡೇ ರಾಯಚೂರಿನ ಅಂಗಡಿಗೆ ಹೋಗಿ, ಹಣ ಕೊಡುವ ಮೊದಲು ಜೋಡಿಸಿ ನೋಡಿ.

“ಎಲ್ಲಾದಕ್ಕೂ ನಡೀತದ” ಎಂದು ಅಂಗಡಿಯವರು ಹೇಳಿದರೆ ಜಗಳ ಬೇಡ. “ಹಂಗಾದ್ರ ಇದಕ್ಕ ಹಚ್ಚಿ ತೋರಿಸ್ರಿ” ಎನ್ನಿ.